ಸೋಮವಾರ ತೊಳೆದ ಪರದೆಗಳು

ಕಳೆದ ತಿಂಗಳು, ಹಿಂದೆ ನಾನು ನೌಕರಿಗಿದ್ದ ಊರಿನ ಶರಣಮ್ಮ ಫೋನ್ ಮಾಡಿ, "ಅಕ್ಕಾರ, ನಿಮ್ಮಿಂದ ಒಂದು ಕೆಲಸ ಆಗಬೇಕೈತಿ. ಫೋನಿನ್ಯಾಗ ಆಗಂಗಿಲ್ಲ, ಬಂದು ಹೋಗ್ರಿ" ಅಂದಳು. ಏನು ಎತ್ತ ಅಂತ ಕೇಳಿದರೆ ನಕ್ಕು ಫೋನಿಟ್ಟಳು. ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಅವಳ ಮನೆಯ ಪಡಸಾಲೆಯಲ್ಲಿ ಕೂತೆ. ಅರ್ಧ ಲೋಟ ಚಹಾ ಕುಡಿದಿದ್ದೆ, ಅಷ್ಟರಲ್ಲಿ ಅವಳು ಒಳಗಿನಿಂದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ತಂದು ನನ್ನೆದುರಿಗೇ ಹಲ್ಲಿನಿಂದ ಕಚ್ಚಿ ಹರಿದಳು. ವಾಸನೆ ಬಂತು. ಸೀಮೆಎಣ್ಣೆಯೂ ಅಲ್ಲದ, ಫಿನಾಯಿಲೂ ಅಲ್ಲದ, ಮೂಗಿನ ಬುಡದಲ್ಲಿ ಹೋಗಿ ಕೂರುವ ಔಷಧದ ವಾಸನೆ. ಹೊಸ ಸೊಳ್ಳೆ ಪರದೆಯದು, ಈ ಕಡೆಯವರು ಮಚ್ಚರದಾನಿ ಅನ್ನುತ್ತಾರಲ್ಲ, ಅದು. ನಾನು ಲೋಟ ಕೆಳಗಿಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಊರಲ್ಲಿ ಇಂಥ ಪರದೆ ಹಂಚಿದ್ದೇನೆ. ಆದರೆ ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಇದೇ ಊರು, ಒಂದೇ ಒಂದು ಮಳೆಗಾಲ.

ಊರಿನ ಹೆಸರು ಬರೆಯುವುದಿಲ್ಲ. ದೇಶನೂರಿನ ಕಡೆ, ಕಾಲುವೆ ಪಕ್ಕದ ಒಂದು ಹಳ್ಳಿ ಅಂದುಕೊಳ್ಳಿ. ನಡೆದ ತಪ್ಪು ಆ ಊರಿನದಲ್ಲ, ನನ್ನ ಮನೆಯದು. ಅದಕ್ಕೆ ಊರಿನ ಹೆಸರು ಯಾಕೆ ಕೆಡಿಸಬೇಕು?

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಅಲ್ಲಿನ ಉಪಕೇಂದ್ರದ ನರ್ಸು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗ, ಹನ್ನೊಂದು ತಿಂಗಳವನು. ಗಂಡನಿಗೆ ಹೊಸಪೇಟೆಯಲ್ಲಿ ಕೆಲಸ, ಭಾನುವಾರ ಬಂದು ಹೋಗುತ್ತಿದ್ದರು. ಕೂಸನ್ನು ನೋಡಿಕೊಳ್ಳಲು ಅವ್ವ ಕುರುಗೋಡಿನಿಂದ ಬಂದು ನನ್ನ ಜೊತೆ ಇದ್ದಳು. ಹಣೆ ತುಂಬ ವಿಭೂತಿ, ಮಾತಿನಲ್ಲಿ ಖಾರ. ಆರು ಮಕ್ಕಳನ್ನು ಹೆತ್ತು ಆರನ್ನೂ ಉಳಿಸಿಕೊಂಡವಳು ಅಂತ ಓಣಿಯ ಹೆಂಗಸರಿಗೆಲ್ಲ ಅವಳ ಮೇಲೆ ಗೌರವ. ಬಂದ ಹದಿನೈದು ದಿನಕ್ಕೆ ಓಣಿಯಲ್ಲಿ ನನಗಿಂತ ಅವಳ ಮಾತೇ ಹೆಚ್ಚು ನಡೆಯುತ್ತಿತ್ತು. ನನಗೆ ಅದು ಸ್ವಲ್ಪ ಉರಿಯುತ್ತಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿದವು. ಭತ್ತದ ಗದ್ದೆ ತುಂಬಿತು ಅಂದರೆ ಸೊಳ್ಳೆಗೆ ಹಬ್ಬ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸುಗಳ ಕೈಕಾಲೆಲ್ಲ ಕೆಂಪು ದದ್ದು. ಹಿಂದಿನ ವರ್ಷ ಪಕ್ಕದ ಊರುಗಳಲ್ಲಿ ಮಲೇರಿಯಾ ಕಾಣಿಸಿಕೊಂಡಿದ್ದರಿಂದ ಆ ವರ್ಷ ನಮ್ಮ ಊರಿಗೂ ಔಷಧ ಸೇರಿಸಿ ನೇಯ್ದ ಪರದೆಗಳು ಬಂದವು. ಅಂಗನವಾಡಿಯ ಕಟ್ಟೆಯ ಮೇಲೆ ನಿಂತು ನಾನೇ ಹಂಚಿದೆ. ಕಟ್ಟುವುದು ಹೇಗೆ, ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸುವುದು ಹೇಗೆ, ಎಲ್ಲ ಮಾಡಿ ತೋರಿಸಿದೆ. ಅಷ್ಟರಲ್ಲಿ ನಾಟಿಗೆ ಹೋಗುವ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯತೊಡಗಿತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಎದ್ದರು. ಮೊದಲು ಒಂದು ದಿನ ನೆರಳಲ್ಲಿ ಹರವಿ, ಪದೇ ಪದೇ ತೊಳೆಯಬೇಡಿ, ತೊಳೆದರೂ ತಣ್ಣೀರಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ, ಬಿಸಿಲಿಗೆ ಹಾಕಬೇಡಿ ಅನ್ನುವ ಮಾತನ್ನು ನಾನು ಹೇಳಿದ್ದು ಅವರ ಬೆನ್ನಿಗೆ. ಹೇಳಿದ್ದೇನೆ ಅಂತ ರಿಜಿಸ್ಟರಿನಲ್ಲಿ ಬರೆದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ನಮ್ಮ ಕಡೆ ಎಳೆಗೂಸಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ಹುಟ್ಟಿದ ಕೂಸನ್ನು ಸುತ್ತುವುದು ಅಜ್ಜಿಯ ಹಳೆ ಸೀರೆಯಲ್ಲಿ. ಜವಳ ತೆಗೆಯುವ ತನಕ ಹೊಸದೇನು ತಂದರೂ ತೊಳೆದು, ಮೆತ್ತಗೆ ಮಾಡಿ, ಹಳೆಯದರ ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಕೂಸಿನ ಹತ್ತಿರ ತರುವುದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ನಾನೂ ಅಂಥ ಸೀರೆಯಲ್ಲೇ ಬೆಳೆದವಳು. ಆದರೆ ಪರದೆಯನ್ನು ಬಟ್ಟೆಯ ಲೆಕ್ಕಕ್ಕೆ ಹಿಡಿಯುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಸೋಮವಾರ ನನಗೆ ಸಿರುಗುಪ್ಪದಲ್ಲಿ ಮೀಟಿಂಗು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅವ್ವನಿಗೆ ಸೋಮವಾರ ಅಂದರೆ ಹೊಸ್ತಿಲಿನಿಂದ ಹಿತ್ತಲ ತನಕ ಮನೆಯೆಲ್ಲ ತೊಳೆಯುವ ದಿನ. ನಾನು ಬರುವಷ್ಟರಲ್ಲಿ ಎಲ್ಲ ಒಣಗಿ, ಮಡಿಸಿ, ಪರದೆ ತೊಟ್ಟಿಲ ಮೇಲೆ ಕಟ್ಟಿರುತ್ತಿತ್ತು. "ಎಷ್ಟು ಚೊಕ್ಕ ಇಟ್ಟಿಯವ್ವ" ಅಂತ ಒಂದು ಸಲ ಹೊಗಳಿದ್ದೂ ಉಂಟು. ಅದರಲ್ಲಿ ಔಷಧದ ವಾಸನೆ ಇಲ್ಲ ಅನ್ನುವುದು ನರ್ಸಮ್ಮನ ಮೂಗಿಗೆ ಹತ್ತಲಿಲ್ಲ!

ಶ್ರಾವಣ ಕಳೆದಿತ್ತು. ಒಂದು ಸೋಮವಾರ ಸಾಹೇಬರು ಬರಲಿಲ್ಲವೆಂದು ಮೀಟಿಂಗು ಮಧ್ಯಾಹ್ನಕ್ಕೇ ಮುಗಿಯಿತು. ಎರಡು ಗಂಟೆಯ ಸುಡುಬಿಸಿಲಲ್ಲಿ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದವಳು ಅಲ್ಲೇ ನಿಂತುಬಿಟ್ಟೆ. ಓಣಿಯ ಈ ತುದಿಯಿಂದ ಆ ತುದಿಯ ತನಕ ನೀಲಿ ಪರದೆಗಳು. ಗೋಡೆಯ ಮೇಲೆ, ಜಾಲಿ ಬೇಲಿಯ ಮೇಲೆ, ಎತ್ತಿನ ಗಾಡಿಯ ಮೇಲೆ. ಹದಿನೆಂಟು ಪರದೆ ಹಂಚಿದ್ದೆ ಆ ಓಣಿಗೆ, ಹದಿನೆಂಟೂ ಬಿಸಿಲಿಗೆ ಬಿದ್ದಿದ್ದವು. ನಡುವೆ ನಮ್ಮ ಕಟ್ಟೆಯ ಮೇಲೆ ಅವ್ವ, ಒಂದು ಕೈಯಲ್ಲಿ ನನ್ನ ಮಗ, ಇನ್ನೊಂದು ಕೈಯಲ್ಲಿ ಮೇಕೆ ಓಡಿಸುವ ಕೋಲು.

"ಅವ್ವಾ, ಏನಿದು?"

"ಏನಂದ್ರ? ಸೋಮವಾರ ಅಲ್ಲೇನು, ತೊಳದೀವಿ."

"ಯಾರು ಹೇಳಿದ್ರು ತೊಳಿಯಾಕ?"

"ಹೇಳಾಕ ಯಾರು ಬೇಕ? ಆ ಹೊಸಾ ವಾಸನಿ ಕೂಸಿಗೆ ತಾಕಿಸ್ತಾರೇನು? ನಿನ್ನ ಹಡದಾಗ ಸುತ್ತಿದ್ದು ನಿಮ್ಮಜ್ಜಿ ಹಳೆ ಸೀರ್ಯಾಗ. ಅದಕ್ಕ ಗಟ್ಟಿ ಅದಿ ನೀನು."

"ಎಷ್ಟು ಸಲ ತೊಳದಿ?"

"ವಾರಕ್ಕೊಮ್ಮೆ. ಹಂಡ್ಯಾಗ ಸೋಡಾ ಹಾಕಿ ಕುದಿಸಿ, ಕಲ್ಲಿನ ಮ್ಯಾಲ ಒಗದು."

"ಮತ್ತ ಇವ್ರೆಲ್ಲಾ?"

"ಎದುರುಮನಿ ಈರಮ್ಮ ಬಂದು ಕೇಳಿದ್ಲು, ನರ್ಸಮ್ಮನ ಮನ್ಯಾಗ ಹೆಂಗ ಮಾಡ್ತೀರಿ ಅಂತ. ಹಿಂಗ ಅಂದೆ. ಎಲ್ಲಾರೂ ಮಾಡ್ಯಾರ." ಅವ್ವನ ದನಿಯಲ್ಲಿ ಹೆಮ್ಮೆ ಇತ್ತು.

ಬೇಲಿಯ ಮೇಲಿನ ಒಂದು ಪರದೆ ಎತ್ತಿ ಮೂಸಿದೆ. ಸೋಡಾದ ವಾಸನೆ, ಬಿಸಿಲಿನ ವಾಸನೆ. ಬೆಳಕಿಗೆ ಹಿಡಿದರೆ ಜಾಲಿ ಮುಳ್ಳು ಕಿತ್ತ ತೂತುಗಳು, ಬೆರಳು ತೂರುವಷ್ಟು ದೊಡ್ಡವು. ಹತ್ತು ಸೋಮವಾರ. ಔಷಧ ಎಲ್ಲಿ ಉಳಿದೀತು? ನನಗೆ ರೇಗಿ ಹೋಯಿತು. ಅವ್ವನ ಕೈಯಿಂದ ಕೋಲು ಕಸಿದು ಎಸೆದೆ. ಅವ್ವ ಬಾಯಿ ತೆರೆಯುವ ಮೊದಲೇ ಎದುರುಮನೆಯಿಂದ ಶರಣಮ್ಮ ಓಡಿ ಬಂದಳು. ಈರಮ್ಮನ ಸೊಸೆ ಅವಳು, ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಹೆಗಲ ಮೇಲೆ ಹದಿನಾರು ತಿಂಗಳ ಮಗಳು ಗೌರಿ.

"ಅಕ್ಕಾರ, ಕೂಸಿನ ಮೈ ಸುಡಾಕ ಹತ್ತೇತಿ ನೋಡ್ರಿ."

"ಯಾವಾಗಿಂದ?"

"ಶುಕ್ರವಾರದಿಂದ. ಒಮ್ಮೆ ಗಡಗಡ ನಡಗತೈತಿ, ಆಮ್ಯಾಲ ಬೆವತು ತಣ್ಣಗ ಆಕ್ಕೈತಿ. ಹಲ್ಲು ಬರೋ ಜ್ವರ ಅಂದ್ರು ಅತ್ತಿ."

ಕಟ್ಟೆಯ ಮೇಲೆಯೇ ಕಿಟ್ ತೆಗೆದೆ. ಬೆರಳಿಗೆ ಸೂಜಿ ಚುಚ್ಚಿದರೆ ಗೌರಿ ಅಳಲಿಲ್ಲ. ಅಳದ ಕೂಸನ್ನು ಕಂಡರೆ ನನಗೆ ಮೊದಲಿನಿಂದಲೂ ಹೆದರಿಕೆ. ಒಂದು ಹನಿ ರಕ್ತ ಹಾಕಿ, ದ್ರಾವಣ ಬಿಟ್ಟು, ಗಡಿಯಾರ ನೋಡಿದೆ. ಹದಿನೈದು ನಿಮಿಷ ಕಾಯಬೇಕು. ಒಂದು ಗೆರೆ ಮೂಡಿದರೆ ಏನೂ ಇಲ್ಲ, ಅದರ ಜೊತೆ ಇನ್ನೊಂದು ಮೂಡಿದರೆ ಮಲೇರಿಯಾ. ಅವ್ವ, ಶರಣಮ್ಮ, ನಾನು, ಮೂವರೂ ಆ ಬೆರಳುದ್ದದ ಬಿಳಿ ಪಟ್ಟಿಯ ಮೇಲೆ ಬಗ್ಗಿದ್ದೆವು. ಮೊದಲ ಗೆರೆ ಬಂತು. ಆರು ನಿಮಿಷಕ್ಕೇ ಎರಡನೆಯದೂ ಬಂತು, ಕಡುಗೆಂಪಗೆ. ಕೂಸುಗಳ ತಲೆಗೆ ಏರುವ ಜಾತಿಯ ಮಲೇರಿಯಾ.

ಮಾತ್ರೆ ಅರೆದು ಕುಡಿಸಿದೆ, ವಾಂತಿ ಮಾಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಡಿಸಿದೆ. ಈ ಸಲ ಕೂಸಿನ ಕೈಕಾಲು ಸೆಟೆದುಕೊಂಡು ಕಣ್ಣು ಮೇಲಾದವು. ಶರಣಮ್ಮ "ಯವ್ವಾ!" ಅಂತ ಚೀರಿದಳು. ಕೂಸನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೇ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವ ತನಕದ ಹೊತ್ತಿನಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ನನ್ನ ಮಗನ ಬೆರಳಿಗೂ ಸೂಜಿ ಚುಚ್ಚಿದೆ. ಅವನು ಓಣಿಯೆಲ್ಲ ಕೇಳುವಂತೆ ಅತ್ತ. ಒಂದೇ ಗೆರೆ ಬಂತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎದುರಿಗೆ ಗೌರಿ ಮಲಗಿದ್ದಾಳೆ ಅನ್ನುವುದನ್ನೇ ಒಂದು ಕ್ಷಣ ಮರೆತೆ. ಆ ಸಮಾಧಾನಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಸಿರುಗುಪ್ಪದಲ್ಲಿ ಇಂಜೆಕ್ಷನ್ ಕೊಟ್ಟು ತಡಮಾಡದೆ ಬಳ್ಳಾರಿಗೆ ಕಳಿಸಿದರು. ನಾನೂ ಜೊತೆಗೆ ಹತ್ತಿದೆ. ಈರಮ್ಮ ಮತ್ತು ಶರಣಮ್ಮನ ಗಂಡ ಹಿಂದೆ ಬಸ್ಸಿನಲ್ಲಿ ಬರುವುದೆಂದಾಯಿತು. ಸಿರಿಗೇರಿ ಕ್ರಾಸ್ ದಾಟುವಾಗ ಕೂಸಿನ ಅಂಗೈ ನೋಡಿದೆ, ಸುಣ್ಣ ಬಳಿದಂತೆ ಬೆಳ್ಳಗಿತ್ತು. "ಗೌರೀ, ಗೌರೀ" ಅಂತ ಕೂಗಿದರೆ ರೆಪ್ಪೆ ಅಲ್ಲಾಡಲಿಲ್ಲ. ಅದೇ ಹೊತ್ತಿಗೆ ಅವ್ವನ ಫೋನ್ ಬಂತು.

"ಕೂಸು ಹೆಂಗೈತಿ?"

"ಹೆಂಗಿರತೈತಿ? ನಿನ್ನಿಂದಾನ ಆಗಿದ್ದಿದು. ಈ ಕೂಸಿಗೆ ಏನಾರ ಆದ್ರ ನೀನ ಕಾರಣ, ತಿಳಕೊ!"

ಅವ್ವ ಫೋನ್ ಇಟ್ಟಳು. ಶರಣಮ್ಮ ಕೂಸಿನ ಮೇಲಿಂದ ಕಣ್ಣು ತೆಗೆಯದೆ ಅಂದಳು, "ಹಂಗನಬ್ಯಾಡ್ರಿ ಅಕ್ಕಾರ ಅವ್ವಾರಿಗೆ. ನಾನೂ ತೊಳದೀನಲ್ಲ." ನಾನು ಕಿಟಕಿಯ ಹೊರಗೆ ನೋಡಿದೆ. ಕುರುಗೋಡಿಗೆ ತಿರುಗುವ ದಾರಿ ಬಂದು ಹೋಯಿತು. ಹೆರಿಗೆಗೆ ಮುಂಚೆ ಅದೇ ದಾರಿಯಲ್ಲಿ ಅವ್ವ ನನ್ನನ್ನು ಕೈಹಿಡಿದು ಬಸ್ಸು ಹತ್ತಿಸಿದ್ದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೂಸನ್ನು ಒಳಗೆ ತೆಗೆದುಕೊಂಡರು. ಗ್ಲೂಕೋಸು, ರಕ್ತ, ಮೂಗಿಗೆ ನಳಿಕೆ. ನಾಳೆ ಇಷ್ಟು ಹೊತ್ತಿನ ತನಕ ಏನೂ ಹೇಳಲಾಗದು ಅಂದರು ಡಾಕ್ಟರು. ಸಂಜೆಗೆ ಈರಮ್ಮ ಬಂದವಳೇ ವರಾಂಡದಲ್ಲಿ ಸೊಸೆಯ ಮೇಲೆ ಹರಿಹಾಯ್ದಳು. "ನಾಟಿ ನಾಟಿ ಅಂತ ಕೂಸಿನ್ನ ಗದ್ದಿ ಬದುವಿನ್ಯಾಗ ಮಲಗಿಸ್ತಿದ್ದಿ. ಮನಿಗೆ ಬಂದ್ರ ಮಚ್ಚರದಾನಿ ನೆಟ್ಟಗ ಕಟ್ಟಾಕ ಬರಂಗಿಲ್ಲ. ತಾಯಿ ಅಂತಾರೇನು ನಿನ್ನ?" ಶರಣಮ್ಮ ತಲೆ ಎತ್ತಿ ನನ್ನ ಕಡೆ ನೋಡಿದಳು. ಆಂಬುಲೆನ್ಸಿನಲ್ಲಿ ಹೆತ್ತವ್ವನ ಮೇಲೆ ಅಷ್ಟು ದನಿ ಏರಿಸಿದವಳಿಗೆ ಈಗ ಬಾಯಿ ಬರಲಿಲ್ಲ. ಹೇಳಿದರೆ ಊರಲ್ಲಿ ನನ್ನ ಮಾತಿಗೆ ಬೆಲೆ ಇರುತ್ತದೆಯೇ? ಮೇಲಿನವರಿಗೆ ಗೊತ್ತಾದರೆ? ಹೀಗೆಲ್ಲ ಯೋಚಿಸಿ, ಔಷಧಿ ಚೀಟಿ ಹಿಡಿದು ಕೆಳಗೆ ಇಳಿದು ಹೋದೆ. ಹೇಡಿ ನಾನು, ಅವತ್ತು.

ಮರುದಿನ ಬೆಳಿಗ್ಗೆ ರಕ್ತದಲ್ಲಿ ಇನ್ನೂ ರೋಗಾಣು ಇದೆ ಅಂದರು. ಕೂಸು ಕಣ್ಣು ಬಿಟ್ಟಿರಲಿಲ್ಲ. ಶರಣಮ್ಮ ಹಿಂದಿನ ದಿನದಿಂದ ಒಂದು ಗುಟುಕು ನೀರೂ ಕುಡಿಯದೆ ಗೋಡೆಗೆ ಒರಗಿದ್ದಳು. ಈರಮ್ಮ ಮತ್ತೆ ಶುರು ಮಾಡಿದಳು, "ಈಕಿಗೆ ಹೆಣ್ಣು ಕೂಸು ಬ್ಯಾಡಾಗಿತ್ತು, ಅದಕ್ಕ ಹಿಂಗ ಮಾಡ್ಯಾಳ." ಶರಣಮ್ಮನ ಮುಖ ನೋಡಿದೆ. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಈರಮ್ಮಾ, ಸಾಕು. ಅಕಿ ತಪ್ಪಲ್ಲ ಅದು. ಮಚ್ಚರದಾನಿ ಕುದಿಸಿ ಒಗದಿದ್ದಕ್ಕ ಅದರಾಗಿನ ಔಷಧ ಹೋಗೇತಿ. ಒಗಿಯೋದು ಶುರುವಾಗಿದ್ದು ನಮ್ಮ ಮನ್ಯಾಗ. ನಾ ಮನ್ಯಾಗಿದ್ದೂ ನೋಡಲಿಲ್ಲ. ಬೈಯೋದಿದ್ರ ನನ್ನ ಬೈರಿ."

ಈರಮ್ಮ ಬೈಯುತ್ತಾಳೆ ಅಂತ ಕಾದೆ. ಅವಳು ಮೆಲ್ಲಗೆ ನೆಲಕ್ಕೆ ಕುಕ್ಕರಿಸಿದಳು. "ನಾನ ಅಲ್ಲೇನ್ರಿ ನಿಮ್ಮ ಅವ್ವಾರ್ನ ಕೇಳಿದಾಕಿ. ಒಗಿಯಲೇ ಒಗಿಯಲೇ ಅಂತ ಸೋಮವಾರಕ್ಕೊಮ್ಮೆ ಇಕಿ ಬೆನ್ನು ಹತ್ತಿದಾಕಿ ನಾನ" ಅಂದು ಸೆರಗು ಬಾಯಿಗೆ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಎರಡು ಲೋಟ ಚಹಾ ತಂದಳು. ಒಂದನ್ನು ಸೊಸೆಯ ಕೈಗೆ ಒತ್ತಿ, "ಕುಡಿಯವ್ವ. ನೀ ಬಿದ್ರ ಕೂಸಿನ ನೋಡೋರು ಯಾರು?" ಅಂದಳು. ಶರಣಮ್ಮ ಆಗ ಅತ್ತಳು. ಅಲ್ಲಿಯ ತನಕ ಅತ್ತಿರಲಿಲ್ಲ.

ಅವತ್ತು ಸಂಜೆ ಗೌರಿ ಕಣ್ಣು ಬಿಟ್ಟಳು. ಬುಧವಾರ ಮಧ್ಯಾಹ್ನ ಅಜ್ಜಿಯ ಮೂಗುಬೊಟ್ಟು ಹಿಡಿದು ಎಳೆದಳು. ಈರಮ್ಮ ನೋವಿಗೆ "ಹಾ" ಅಂದು, "ಎಳಿ ನನ್ನವ್ವ, ಇನ್ನೂ ಎಳಿ" ಅಂತ ಮೂಗನ್ನು ಮುಂದೆ ಕೊಟ್ಟಳು. ವಾರ್ಡಿನವರೆಲ್ಲ ನಕ್ಕರು. ನಾನು ಸಿರುಗುಪ್ಪದ ಬಸ್ಸು ಹತ್ತಿದೆ.

ಮನೆಗೆ ಬಂದರೆ ಬಾಗಿಲಿಗೆ ಚಿಲಕ. ನಾನಂದ ಮಾತಿಗೆ ಅವ್ವ ಗಂಟುಮೂಟೆ ಕಟ್ಟಿ ಕುರುಗೋಡಿಗೆ ಹೋದಳೇ? ಕೂಸನ್ನು ಯಾರ ಹತ್ತಿರ ಬಿಟ್ಟಳು? ಓಣಿಯಲ್ಲಿ ಓಡಿದೆ. ಮೂರನೇ ಮನೆಯ ಪಡಸಾಲೆಯಲ್ಲಿ ಸಿಕ್ಕಳು. ಮಗ ಪಕ್ಕದಲ್ಲಿ ಮಲಗಿದ್ದ. ಅವ್ವನ ತೊಡೆಯ ಮೇಲೆ ಯಾರದೋ ಪರದೆ, ಕೈಯಲ್ಲಿ ಸೂಜಿ ದಾರ. ಎರಡು ದಿನದಿಂದ ಮನೆ ಮನೆಗೆ ಹೋಗಿ, "ನಾ ಹೇಳಿದ್ದು ತಪ್ಪಾತವ್ವ, ತೊಳೀಬಾರದಿತ್ತು" ಅಂತ ಅಂದು, ತೂತು ಬಿದ್ದ ಪರದೆಗಳನ್ನೆಲ್ಲ ಹೊಲಿಯುತ್ತಿದ್ದಳಂತೆ. ಅವ್ವ ತನ್ನ ಜನ್ಮದಲ್ಲಿ ತಪ್ಪಾಯಿತು ಅಂದಿದ್ದನ್ನು ನಾನು ಕೇಳಿರಲಿಲ್ಲ. "ಗೌರಿ ಕಣ್ಣು ಬಿಟ್ಲವ್ವ" ಅಂದೆ. ತಲೆ ಎತ್ತದೆ, "ಗೊತ್ತಾತು" ಅಂದು ದಾರ ಕಚ್ಚಿದಳು.

ತಾಲ್ಲೂಕಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ, ಬೈಸಿಕೊಂಡು, ಹಂಚಿ ಉಳಿದಿದ್ದ ಪರದೆಗಳ ಒಂದು ಕಟ್ಟು ತಂದೆ. ಈ ಸಲ ಟ್ರ್ಯಾಕ್ಟರ್ ಬರುವ ಮೊದಲೇ, ಎದುರೆದುರು ನಿಂತು ಎಲ್ಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆದರೆ ಯಾರೂ ಪ್ಯಾಕೆಟ್ ಬಿಚ್ಚಲಿಲ್ಲ. ಹೊಸದು, ವಾಸನೆ ಬೇರೆ, ಒಂದು ಸಲವೂ ತೊಳೆಯದೆ ಕೂಸಿನ ಮೇಲೆ ಹೇಗೆ ಕಟ್ಟುವುದು? ಒಬ್ಬಳು ಆಗಲೇ ಹಂಡೆಯ ಕಡೆ ನೋಡುತ್ತಿದ್ದಳು. ನನಗೆ ತಲೆ ಕೆಟ್ಟು ಹೋಯಿತು. ಕೂಗಬೇಕೆಂದು ಬಾಯಿ ತೆರೆದೆ.

ಅವ್ವ ನನ್ನನ್ನು ಸರಿಸಿ ಮುಂದೆ ಬಂದಳು. ಒಂದು ಪ್ಯಾಕೆಟ್ ಹರಿದು ಪರದೆಯನ್ನು ಕೊಡವಿ ತಲೆಯ ಮೇಲಿಂದ ಸೀರೆಯ ಹಾಗೆ ಹೊದ್ದಳು. ಕಟ್ಟೆಯಿಂದ ಬೇವಿನ ಮರದ ತನಕ ನಡೆದು ಹೋಗಿ ತಿರುಗಿ ಬಂದಳು. ಪರದೆ ತೆಗೆದು ಒಬ್ಬ ಮನೆಯಾಕೆಯ ಕೈಗಿಟ್ಟು, "ಆರು ಹಡದಾಕಿ ನಾನು ಹೊದ್ದೀನಿ. ಇದು ಹಳೇದಾತು. ಇನ್ನ ತೊಳೀಬ್ಯಾಡ, ಒಂದು ದಿನ ನೆರಳಾಗ ಹರವಿ ಕಟ್ಟು" ಅಂದಳು. ಇನ್ನೊಂದು ಹರಿದಳು. ಅದನ್ನೂ ಹೊದ್ದಳು. ಹದಿನೆಂಟು ಸಲ ಬೇವಿನ ಮರಕ್ಕೆ ಹೋಗಿ ಬಂದಳು. ಕಣ್ಣು, ಮೂಗು ಸುರಿಯುತ್ತಿತ್ತು. ನಡುವೆ ನಾನು, "ಸಾಕವ್ವ, ಅದರಿಂದ ಮುಖ ಉರೀತೈತಿ" ಅಂದರೆ, "ನೀ ಸುಮ್ಮನಿರಲೇ" ಅಂದಳು. ಓಣಿಯಲ್ಲಿ ಯಾರೂ ನಗಲಿಲ್ಲ. ಹದಿನೆಂಟೂ ಮನೆಯಲ್ಲಿ ಪರದೆ ತೊಳೆಯದೆ ಕಟ್ಟಿದರು.

ಎರಡು ದಿನ ಅವ್ವನ ಕೆನ್ನೆ ಕೆಂಪಾಗಿ ಉರಿಯಿತು. ಕೊಬ್ಬರಿ ಎಣ್ಣೆ ಹಚ್ಚಿದೆ. ಹಚ್ಚುವಾಗ ಆಂಬುಲೆನ್ಸಿನಲ್ಲಿ ಅಂದ ಮಾತಿಗೆ ತಪ್ಪಾಯಿತು ಅನ್ನಬೇಕೆಂದು ಬಾಯಿ ತನಕ ಬಂತು. ಅನ್ನಲಿಲ್ಲ. ನಾಳೆ ಅಂದರಾಯಿತು ಅಂದುಕೊಂಡೆ. ಆಮೇಲೆ ಅವ್ವ ಕುರುಗೋಡಿಗೆ ಮರಳಿ ಹತ್ತು ವರ್ಷ ಬದುಕಿದ್ದಳು. ಹತ್ತು ವರ್ಷದಲ್ಲಿ ಆ ನಾಳೆ ಬರಲೇ ಇಲ್ಲ.

ಕಳೆದ ತಿಂಗಳು ಶರಣಮ್ಮ ಪ್ಯಾಕೆಟ್ ಹರಿದಾಗ ಇಷ್ಟೂ ಒಮ್ಮೆಗೇ ಬಂತು. ಒಳಕೋಣೆಯಲ್ಲಿ ಅವಳ ನಾದಿನಿ ಬಾಣಂತಿ, ಹದಿಮೂರು ದಿನದ ಕೂಸು. ಗೌರಿ ಈಗ ಎಂಟನೇ ತರಗತಿ. ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದಳು, "ನೆರಳಿನಲ್ಲಿ ಹರಡಿ, ಬಿಸಿನೀರಿನಲ್ಲಿ ತೊಳೆಯಬೇಡಿ. ಇಷ್ಟ ಐತಿ ಅಜ್ಜಿ. ಹೊದಿಬೇಕು ಅಂತ ಎಲ್ಲೂ ಬರದಿಲ್ಲ."

"ಬರದವ್ರಿಗೆ ಏನು ಗೊತ್ತಲೇ?" ಅಂದಳು ಈರಮ್ಮ. ಬೆನ್ನು ಬಾಗಿದೆ, ಮೂಗುಬೊಟ್ಟು ಹಾಗೇ ಇದೆ. ನನ್ನ ಕಡೆ ತಿರುಗಿ, "ನಿಮ್ಮ ಅವ್ವಾರು ಇರೋತನಕ ಈ ಓಣ್ಯಾಗ ಯಾವ ಕೂಸು ಹುಟ್ಟಿದ್ರೂ ಅದರ ಹೊಸಾ ಮಚ್ಚರದಾನಿ ಕುರುಗೋಡಿಗೆ ಒಯ್ದು ಹೊದಿಸ್ಕೊಂಡು ಬರ್ತಿದ್ವಿ. ನಿಮಗ ಹೇಳಬ್ಯಾಡ್ರಿ ಅಂತಿದ್ರು, ನೀವು ಬೈತೀರಿ ಅಂತ. ಈಗ ಅವ್ರಿಲ್ಲ. ನೀವ ಹೊದ್ದು ಕೊಡ್ರಿ" ಅಂದಳು.

ನನಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷ, ಒಂದೊಂದೇ ಪರದೆ, ನನಗೆ ಹೆದರಿ ಮುಚ್ಚಿಟ್ಟು, ಕೆನ್ನೆ ಉರಿಸಿಕೊಂಡು.

ಎದ್ದು ನಿಂತೆ. ಪರದೆ ಕೊಡವಿ ತಲೆಯ ಮೇಲಿಂದ ಹೊದ್ದೆ. ನೀಲಿಯ ಒಳಗಿನಿಂದ ಓಣಿಯೆಲ್ಲ ಮಸುಕಾಗಿ ಕಂಡಿತು. ಬೇವಿನ ಮರದ ತನಕ ನಡೆದೆ. ಅಲ್ಲಿ ನಿಂತು, ಯಾರಿಗೂ ಕೇಳಿಸದಂತೆ, "ತಪ್ಪಾತವ್ವ" ಅಂದೆ. ತಿರುಗಿ ಬಂದು ಪರದೆಯನ್ನು ಶರಣಮ್ಮನ ಕೈಗಿಟ್ಟೆ.

ಬಳ್ಳಾರಿಯ ಬಸ್ಸು ಕುರುಗೋಡಿನ ದಾರಿ ದಾಟುವ ಹೊತ್ತಿಗೆ ಕೆನ್ನೆ ಉರಿಯತೊಡಗಿತು. ಚೀಲದಲ್ಲಿ ನೀರಿನ ಬಾಟಲಿ ಇತ್ತು. ನಾನು ಮುಖ ತೊಳೆಯಲಿಲ್ಲ.